ವಿಡಿಯೊ ಕನ್ವರ್ಟ್ ಮಾಡಿದರೂ ತಾರೀಖು ಉಳಿಯಬೇಕು: ಯಾವ ಫೈಲ್‌ಗೆ ಯಾವ ದಾರಿ?

ಹತ್ತು ವರ್ಷದ ವಿಡಿಯೊಗಳನ್ನು ರಾತ್ರಿ ಕನ್ವರ್ಟ್‌ಗೆ ಹಾಕಿ ಮಲಗಿ, ಬೆಳಗ್ಗೆ ಎದ್ದು ಫೋಲ್ಡರ್ ತೆರೆದರೆ ಎಲ್ಲ ಫೈಲ್‌ಗಳ ಮೇಲೂ ಒಂದೇ ತಾರೀಖು ಕಾಣುತ್ತದೆ. ಚಿತ್ರಕ್ಕೆ ಏನೂ ಆಗಿಲ್ಲ, ಶಬ್ದವೂ ಸರಿಯಿದೆ. ಆದರೆ ಯಾವುದು ನಾಮಕರಣದ್ದು, ಯಾವುದು ಮರುವರ್ಷದ ಹುಟ್ಟುಹಬ್ಬದ್ದು ಅಂತ ತಿಳಿಸುತ್ತಿದ್ದ ಮಾಹಿತಿ ಹೋಗಿದೆ. ಎಲ್ಲಿ ತೆಗೆದದ್ದು, ಯಾವ ಕ್ಯಾಮೆರಾ ಅನ್ನುವುದೂ ಹೋಗಿದೆ. ಇದಕ್ಕೇ ಮೆಟಾಡೇಟಾ ಅನ್ನುವುದು. ಕನ್ವರ್ಟರ್‌ಗಳು ಇದನ್ನು ಬಿಟ್ಟುಬಿಡುವಾಗ ಎಚ್ಚರಿಕೆ ಕೊಡುವುದಿಲ್ಲ, ಎರರ್ ತೋರಿಸುವುದಿಲ್ಲ. ಗೊತ್ತಾಗುವಷ್ಟರಲ್ಲಿ ಎಷ್ಟೋ ಜನ ಮೂಲ ಫೈಲ್‌ಗಳನ್ನು ಅಳಿಸಿಯೂ ಆಗಿರುತ್ತದೆ.

ಮನೆಯ ಮದುವೆ ಇರಲಿ, ಊರ ಜಾತ್ರೆ ಇರಲಿ, ಯಕ್ಷಗಾನದ ಇಡೀ ರಾತ್ರಿಯ ಆಟ ಇರಲಿ, ಮುಂದಿನವರಿಗಾಗಿ ಕಾಪಿಡುವುದಾದರೆ ಚಿತ್ರದಷ್ಟೇ ಮುಖ್ಯ ಅದರ ತಾರೀಖು ಮತ್ತು ಜಾಗ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಸಾಫ್ಟ್‌ವೇರ್ ಒಳ್ಳೆಯದು ಅನ್ನುವುದರಿಂದ ಶುರುಮಾಡಬೇಡಿ. ನಿಮ್ಮ ಫೈಲ್‌ನಲ್ಲಿ ಈ ಮಾಹಿತಿ ಎಲ್ಲಿ ಕೂತಿದೆ ಅಂತ ಮೊದಲು ನೋಡಿ. ಅದು ತಿಳಿದರೆ ಯಾವ ದಾರಿ ಹಿಡಿಯಬೇಕು ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾದಂತೆಯೇ.

ಮಾಹಿತಿ ಇರುವ ನಾಲ್ಕು ಜಾಗಗಳು

ವಿಡಿಯೊ ಫೈಲ್ ಅಂದರೆ ಒಂದು ಡಬ್ಬಿ, ಅದರೊಳಗೆ ತಿಂಡಿ. ಎಂಪಿ4, ಎಂಒವಿ, ಎಂಕೆವಿ, ಎವಿಐ ಇವೆಲ್ಲ ಡಬ್ಬಿಗಳು, ಅಂದರೆ ಕಂಟೇನರ್‌ಗಳು. ಎಚ್.264, ಎಚ್.265, ಡಿವಿ ಇವು ಒಳಗಿರುವ ಚಿತ್ರದ ಸ್ಟ್ರೀಮ್‌ಗಳು, ಅಂದರೆ ಚಿತ್ರವನ್ನು ಕುಗ್ಗಿಸಿ ಬರೆದಿಟ್ಟ ರೂಪಗಳು.

ಡಬ್ಬಿಯ ಹೊರಗೆ ಇರುವುದು ಕಂಪ್ಯೂಟರ್ ಇಟ್ಟುಕೊಂಡ ತಾರೀಖು. ವಿಂಡೋಸ್‌ನಲ್ಲಿ ಒಂದು ಫೈಲನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿದರೆ ‘ಕ್ರಿಯೇಟೆಡ್’ ತಾರೀಖು ಕಾಪಿ ಮಾಡಿದ ದಿನಕ್ಕೆ ಬದಲಾಗುತ್ತದೆ, ‘ಮಾಡಿಫೈಡ್’ ಹಾಗೇ ಉಳಿಯುತ್ತದೆ. ಕನ್ವರ್ಟ್ ಮಾಡಿದರೆ ಹುಟ್ಟುವುದು ಹೊಸ ಫೈಲ್, ಹಾಗಾಗಿ ಎರಡೂ ಹೊಸತು. ಇದನ್ನು ನೆಚ್ಚಿಕೊಳ್ಳಬೇಡಿ.

ಡಬ್ಬಿಯ ಮೇಲೇ ಬರೆದಿರುವುದು ಎರಡನೆಯದು. ಎಂಪಿ4 ಮತ್ತು ಎಂಒವಿ ಫೈಲ್‌ಗಳಲ್ಲಿ ರೆಕಾರ್ಡ್ ಆದ ದಿನಾಂಕವನ್ನು 1904ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆದಿದೆ ಅನ್ನುವ ಲೆಕ್ಕದಲ್ಲಿ ಬರೆಯುತ್ತಾರೆ. ಅದೂ ಯುಟಿಸಿ ಸಮಯದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಐಫೋನ್ ಇದರ ಜೊತೆಗೆ ಪ್ರತ್ಯೇಕವಾಗಿ ತನ್ನದೇ ಟ್ಯಾಗ್‌ಗಳನ್ನೂ ಹಾಕುತ್ತದೆ: ಸ್ಥಳೀಯ ಸಮಯ, ಟೈಮ್ ಝೋನ್, ಅಕ್ಷಾಂಶ ರೇಖಾಂಶ, ಫೋನಿನ ಮಾಡೆಲ್.

ಮೂರನೆಯದು ಚಿತ್ರ ಮತ್ತು ಶಬ್ದದ ಪಕ್ಕದಲ್ಲೇ ಓಡುವ ಇನ್ನೊಂದು ಟ್ರ್ಯಾಕ್. ಜಿಪಿಎಸ್ ಇರುವ ಗೋಪ್ರೊ ಕ್ಯಾಮೆರಾಗಳು ಎಲ್ಲೆಲ್ಲಿ ಹೋದವು, ಎಷ್ಟು ವೇಗದಲ್ಲಿ ಹೋದವು ಅನ್ನುವುದನ್ನು ಹೀಗೆ ಬರೆದಿಡುತ್ತವೆ.

ನಾಲ್ಕನೆಯ ಜಾಗದ ಬಗ್ಗೆ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಅದು ಚಿತ್ರದ ಸ್ಟ್ರೀಮ್‌ನ ಒಳಗೇ ಇರುತ್ತದೆ. ಮಿನಿ ಡಿವಿ ಕ್ಯಾಸೆಟ್‌ನಲ್ಲಿ ಒಂದೊಂದು ಫ್ರೇಮ್‌ನ ಜೊತೆಗೂ ರೆಕಾರ್ಡ್ ಆದ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಇರುತ್ತದೆ. 2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಅನ್ನುವ ರೆಕಾರ್ಡಿಂಗ್ ಪದ್ಧತಿಯ ಹ್ಯಾಂಡಿಕ್ಯಾಮ್‌ಗಳ ಎಂಟಿಎಸ್ ಫೈಲ್‌ಗಳಲ್ಲೂ ಹೀಗೆಯೇ. ದಿನಾಂಕ ಇರುವುದು ಡಬ್ಬಿಯ ಮೇಲಲ್ಲ, ಎಚ್.264 ಸ್ಟ್ರೀಮ್‌ನ ಹೊಟ್ಟೆಯಲ್ಲಿ.

ಇರುವ ದಾರಿಗಳು

ಮೊದಲ ದಾರಿ, ಕನ್ವರ್ಟ್ ಮಾಡದೇ ಇರುವುದು. ಇದನ್ನು ಆಯ್ಕೆ ಅಂತಲೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಬಹಳಷ್ಟು ಫೈಲ್‌ಗಳಿಗೆ ಇದೇ ಸರಿ. ಎಚ್.264 ಇರುವ ಎಂಪಿ4 ಫೈಲ್ ಇವತ್ತು ಯಾವ ಸಾಧನದಲ್ಲಾದರೂ ಓಡುತ್ತದೆ. ಅದನ್ನು ಇನ್ನೊಂದು ಎಂಪಿ4 ಮಾಡಿ ಏನು ಸಾಧಿಸಿದಂತಾಯಿತು? ಜಾಗ ಉಳಿಯುತ್ತದೆ ಅನ್ನುವುದಾದರೆ, ಹಾರ್ಡ್ ಡಿಸ್ಕ್ ಇನ್ನೊಂದು ಕೊಳ್ಳಬಹುದು. ಕಳೆದ ತಾರೀಖನ್ನು ಕೊಳ್ಳಲಿಕ್ಕಾಗುವುದಿಲ್ಲ.

ಎರಡನೆಯದು ರೀವ್ರ್ಯಾಪ್. ಡಬ್ಬಿ ಮಾತ್ರ ಬದಲು, ಒಳಗಿನದು ಮುಟ್ಟುವುದಿಲ್ಲ. ಚಿತ್ರದ ಒಂದು ಬಿಂದುವೂ ಬದಲಾಗುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಸ್ಟ್ರೀಮ್‌ನ ಹೊಟ್ಟೆಯಲ್ಲಿರುವ ದಿನಾಂಕವೂ ಅಲ್ಲೇ ಉಳಿಯುತ್ತದೆ. ಆದರೆ ಹಳೆಯ ಡಬ್ಬಿಯ ಮೇಲಿನ ಬರಹ ಹೊಸ ಡಬ್ಬಿಗೆ ತಾನಾಗಿಯೇ ಬರುತ್ತದೆ ಅಂದುಕೊಳ್ಳಬೇಡಿ. ಅದನ್ನು ಕೇಳಿ ತರಿಸಿಕೊಳ್ಳಬೇಕು.

ಮೂರನೆಯದು ನಷ್ಟವಿಲ್ಲದ ಎನ್‌ಕೋಡ್, ಅಂದರೆ ಚಿತ್ರದ ಗುಣ ಕಳೆಯದ ಹಾಗೆ ಹೊಸ ಸ್ಟ್ರೀಮ್ ಆಗಿ ಬರೆಯುವುದು. ಎಫ್‌ಎಫ್‌ವಿ1 ಅನ್ನುವ ಕೋಡೆಕ್, ಅಂದರೆ ಚಿತ್ರ ಕುಗ್ಗಿಸುವ ವಿಧಾನ ಬಳಸಿ ಎಂಕೆವಿ ಡಬ್ಬಿಯಲ್ಲಿ ಇಡುವುದು. ಪ್ರಪಂಚದ ಅನೇಕ ಆರ್ಕೈವ್‌ಗಳು ಇದನ್ನು ಬಳಸುತ್ತಿವೆ. ವಿಯೆನ್ನಾದ ಆಸ್ಟ್ರಿಯನ್ ಮೀಡಿಯಾಟೆಕ್ ಇದನ್ನು ಮೊದಮೊದಲು ಹಿಡಿದ ಸಂಸ್ಥೆಗಳಲ್ಲಿ ಒಂದು. ಎಫ್‌ಎಫ್‌ವಿ1ನ ವಿವರಣೆ 2021ರಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ತಂತ್ರಜ್ಞಾನದ ಬಹಿರಂಗ ದಾಖಲೆ) 9043 ಆಗಿ, ಮ್ಯಾಟ್ರೋಸ್ಕಾ ಅಂದರೆ ಎಂಕೆವಿಯದು 2024ರಲ್ಲಿ ಆರ್‌ಎಫ್‌ಸಿ 9559 ಆಗಿ ಪ್ರಕಟವಾಗಿದೆ. ಯಾವ ಕಂಪನಿಯ ಹಿಡಿತವೂ ಇಲ್ಲ, ನಾಳೆ ಯಾರು ಬೇಕಾದರೂ ವಿವರಣೆ ಓದಿ ಪ್ಲೇಯರ್ ಬರೆಯಬಹುದು. ಚಿತ್ರ ಪೂರ್ತಿ ಉಳಿಯುತ್ತದೆ. ಆದರೆ ಸ್ಟ್ರೀಮ್‌ನ ಒಳಗಿದ್ದ ದಿನಾಂಕ ಇಲ್ಲೂ ಹೋಗುತ್ತದೆ, ಯಾಕೆಂದರೆ ಹಳೆಯ ಸ್ಟ್ರೀಮನ್ನು ಬಿಚ್ಚಿ ಹೊಸದು ಕಟ್ಟುತ್ತೀರಿ. ‘ಲಾಸ್‌ಲೆಸ್’ ಅನ್ನುವ ಮಾತು ಚಿತ್ರಕ್ಕೆ ಮಾತ್ರ ಅನ್ವಯ. ಇದನ್ನು ತಿಳಿದವರೂ ಮರೆಯುತ್ತಾರೆ.

ನಾಲ್ಕನೆಯದು ಎಲ್ಲರೂ ಮಾಡುವುದು: ಎಚ್.264 ಅಥವಾ ಎಚ್.265ಗೆ ಮರು ಎನ್‌ಕೋಡ್. ಚಿತ್ರವೂ ಸ್ವಲ್ಪ ಹೋಗುತ್ತದೆ, ಮಾಹಿತಿಯೂ ಹೋಗುತ್ತದೆ. ಟಿವಿಯಲ್ಲಿ ನೋಡಲು, ನೆಂಟರಿಗೆ ಕಳಿಸಲು ಒಂದು ಪ್ರತಿ ಬೇಕು ಅಂದರೆ ಧಾರಾಳವಾಗಿ ಮಾಡಿ. ಕಾಪಿಡುವ ಪ್ರತಿ ಅಂತ ಇದನ್ನು ಇಡಬೇಡಿ.

ಮೊಬೈಲ್ ವಿಡಿಯೊ

ಮೊಬೈಲ್‌ನಲ್ಲಿ ತೆಗೆದದ್ದಕ್ಕೆ ನನ್ನ ಸಲಹೆ ಒಂದೇ: ಮೂಲ ಫೈಲನ್ನೇ ಇಡಿ. ಕಷ್ಟ ಇರುವುದು ಮೂಲ ಫೈಲನ್ನು ಹೊರಗೆ ತರುವುದರಲ್ಲಿ. ಐಫೋನ್‌ನಿಂದ ಕೇಬಲ್ ಹಾಕಿ ಕಂಪ್ಯೂಟರ್‌ಗೆ ತರುವ ಮೊದಲು ಸೆಟಿಂಗ್ಸ್‌ನಲ್ಲಿ ಫೋಟೋಸ್‌ಗೆ ಹೋಗಿ, ಮ್ಯಾಕ್ ಅಥವಾ ಪಿಸಿಗೆ ವರ್ಗಾವಣೆ ಅನ್ನುವಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ. ‘ಆಟೊಮ್ಯಾಟಿಕ್’ ಇದ್ದರೆ ಫೋನೇ ಕನ್ವರ್ಟ್ ಮಾಡಿ ಕೊಡುವ ಸಾಧ್ಯತೆ ಇದೆ. ಮ್ಯಾಕ್‌ನ ಫೋಟೋಸ್ ಆ್ಯಪ್‌ನಿಂದ ತೆಗೆಯುವುದಾದರೆ ‘ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್’ ಬೇಕು, ಬರೀ ‘ಎಕ್ಸ್‌ಪೋರ್ಟ್’ ಅಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ಕಾಪಿಡುವ ಪ್ರತಿ ಅಲ್ಲ. ಅದು ಒಮ್ಮೆ ಕುಗ್ಗಿಸಿದ ಪ್ರತಿ, ಜಾಗದ ಮಾಹಿತಿ ಇರುವುದಿಲ್ಲ. ಫೈಲ್ ಹೆಸರಿನಲ್ಲಿ ಕಾಣುವ ತಾರೀಖು ಕಳಿಸಿದ ಅಥವಾ ಬಂದ ದಿನದ್ದು, ತೆಗೆದ ದಿನದ್ದಲ್ಲ. ಅಣ್ಣನ ಮಗನ ಹತ್ತಿರ ಒಳ್ಳೆಯ ಕ್ಲಿಪ್ ಇದೆ ಅಂದರೆ ‘ಡಾಕ್ಯುಮೆಂಟ್ ಆಗಿ ಕಳಿಸಪ್ಪ’ ಅಂತ ಹೇಳಿ. ಆಗ ಫೈಲ್ ಇದ್ದಹಾಗೇ ಬರುತ್ತದೆ. ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ ಮೂಲಕ ಇಳಿಸಿಕೊಂಡರೆ ವಿಡಿಯೊಗಳ ಪಕ್ಕದಲ್ಲಿ ಜೇಸನ್ ಅನ್ನುವ ಸಣ್ಣ ಪಠ್ಯ ಫೈಲ್‌ಗಳು ರಾಶಿ ಬರುತ್ತವೆ. ಕಸ ಅಂತ ಅಳಿಸಬೇಡಿ. ನೀವು ಗೂಗಲ್‌ನಲ್ಲಿ ಕೂತು ತಿದ್ದಿದ ತಾರೀಖು, ಬರೆದ ವಿವರಣೆ ಇರುವುದು ಅದರಲ್ಲೇ, ವಿಡಿಯೊ ಫೈಲ್‌ನಲ್ಲಲ್ಲ.

ಇಲ್ಲಿ ನಮ್ಮ ಕಡೆಯವರನ್ನು ಬಹಳ ಕಾಡುವ ಒಂದು ಸಮಸ್ಯೆ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ. ಎಂಪಿ4 ಡಬ್ಬಿಯ ದಿನಾಂಕ ಯುಟಿಸಿಯಲ್ಲಿ ಇರುತ್ತದೆ ಅಂದೆನಲ್ಲ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಗೃಹಪ್ರವೇಶ ಬೆಳಗಿನ ಜಾವ ಆಗುವುದೇ ಜಾಸ್ತಿ. ಫೆಬ್ರವರಿ 15ರ ಬೆಳಗ್ಗೆ 4:40ಕ್ಕೆ ಹೊಸಿಲು ದಾಟಿದ ವಿಡಿಯೊ ತೆಗೆದಿರಿ ಅಂದುಕೊಳ್ಳಿ. ಫೈಲ್‌ನಲ್ಲಿ ಬರೆದಿರುವುದು ಫೆಬ್ರವರಿ 14, ರಾತ್ರಿ 11:10. ಬೆಳಗ್ಗೆ 5:30ಕ್ಕಿಂತ ಮೊದಲು ತೆಗೆದ ಎಲ್ಲ ವಿಡಿಯೊಗಳೂ ಹೀಗೆ ಹಿಂದಿನ ದಿನಕ್ಕೆ ಬೀಳುತ್ತವೆ. ಅದೇ ಫೈಲನ್ನು ನ್ಯೂಜೆರ್ಸಿಯಲ್ಲಿರುವ ಮಗಳು ತನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಅವಳ ಊರಿನ ಸಮಯಕ್ಕೆ ತಿರುಗಿಸಿ ಫೆಬ್ರವರಿ 14ರ ಸಂಜೆ 6:10 ಅಂತ ತೋರಿಸುತ್ತದೆ. ಫೈಲ್ ಸರಿಯಾಗಿಯೇ ಇದೆ, ಓದುವವರು ಬೇರೆ ಬೇರೆ ರೀತಿ ಓದುತ್ತಿದ್ದಾರೆ ಅಷ್ಟೇ. ಇದು ಸಾಲದು ಅಂತ, ಹಲವು ಕ್ಯಾಮೆರಾಗಳು ಯುಟಿಸಿ ಬರೆಯಬೇಕಾದ ಜಾಗದಲ್ಲಿ ಸ್ಥಳೀಯ ಸಮಯವನ್ನೇ ಬರೆದುಬಿಡುತ್ತವೆ. ಒಂದೇ ಗೃಹಪ್ರವೇಶದ ಮೊಬೈಲ್ ಕ್ಲಿಪ್ ಮತ್ತು ಕ್ಯಾಮೆರಾ ಕ್ಲಿಪ್ ಸಾಲಾಗಿ ಜೋಡಿಸಿದರೆ ಐದೂವರೆ ಗಂಟೆ ಅಂತರ ಕಾಣುವುದು ಇದರಿಂದ.

ಐಫೋನ್‌ನ ಪ್ರತ್ಯೇಕ ಟ್ಯಾಗ್‌ನಲ್ಲಿ ಸ್ಥಳೀಯ ಸಮಯದ ಜೊತೆಗೆ +0530 ಅಂತ ಇರುತ್ತದೆ, ಹಾಗಾಗಿ ಗೊಂದಲವೇ ಇಲ್ಲ. ನನಗೆ ಅತ್ಯಂತ ಬೆಲೆಯುಳ್ಳ ಟ್ಯಾಗ್ ಅನ್ನಿಸುವುದು ಇದು. ದುರದೃಷ್ಟಕ್ಕೆ ಕನ್ವರ್ಟ್ ಆಗುವಾಗ ಮೊದಲು ಬೀಳುವುದೂ ಇದೇ. ಹಾಗಾಗಿ ಹೆಸರು ಇಡುವಾಗ ನಮ್ಮ ಸಮಯ ಬಳಸಿ, ಪಕ್ಕದ ಟಿಪ್ಪಣಿಯಲ್ಲಿ ‘ಭಾರತೀಯ ಸಮಯ’ ಅಂತ ಬರೆದುಬಿಡಿ.

ಹೊಸ ಮೊಬೈಲ್‌ಗಳ ಎಚ್‌ಡಿಆರ್ (ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೊದಲ್ಲಿ ಬಣ್ಣ ಹೇಗೆ ತೋರಿಸಬೇಕು ಅನ್ನುವುದೂ ಮೆಟಾಡೇಟಾವೇ. ಫೋನ್ ನಿಲ್ಲಿಸಿ ತೆಗೆದೆವೋ ಮಲಗಿಸಿ ತೆಗೆದೆವೋ ಅನ್ನುವುದೂ ಹೌದು. ಇವು ತಪ್ಪಿದರೆ ಮುಖಗಳು ಬಿಳಚಿಕೊಳ್ಳುತ್ತವೆ, ಅಥವಾ ಇಡೀ ವಿಡಿಯೊ ಪಕ್ಕಕ್ಕೆ ಮಲಗುತ್ತದೆ. ಮುಟ್ಟದೇ ಇಡಿ ಅನ್ನುವುದಕ್ಕೆ ಇವೂ ಕಾರಣ.

ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲ್‌ಗಳು

2007ರಿಂದ 2015ರ ಆಸುಪಾಸಿನ ಮನೆ ವಿಡಿಯೊಗಳಲ್ಲಿ ಇವೇ ಜಾಸ್ತಿ. 00000, 00001 ಅಂತ ಹೆಸರು, ಯಾವುದರಲ್ಲಿ ಏನಿದೆ ಅಂತ ನೋಡದೆ ಗೊತ್ತಾಗುವುದಿಲ್ಲ. ಇಲ್ಲಿ ರೀವ್ರ್ಯಾಪ್ ಮತ್ತು ಮರು ಎನ್‌ಕೋಡ್ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಎಂಟಿಎಸ್ ಫೈಲನ್ನು ಮೆಟಾಡೇಟಾ ಓದುವ, ಬರೆಯುವ ಎಕ್ಸಿಫ್‌ಟೂಲ್ ಅನ್ನುವ ಸಾಧನಕ್ಕೆ ಕೊಟ್ಟರೆ ರೆಕಾರ್ಡ್ ಆದ ದಿನಾಂಕ, ಕೆಲವು ಕ್ಯಾಮೆರಾಗಳಲ್ಲಿ ಟೈಮ್ ಝೋನ್ ಸಮೇತ, ಜೊತೆಗೆ ಅಪರ್ಚರ್, ಶಟರ್ ವೇಗ ಎಲ್ಲ ಬರುತ್ತದೆ. ಅದನ್ನೇ ಎಚ್.265 ಮಾಡಿದ ಮೇಲೆ ಕೊಟ್ಟು ನೋಡಿ. ಏನೂ ಇಲ್ಲ.

ಮೆಮೊರಿ ಕಾರ್ಡ್‌ನಿಂದ ಎಂಟಿಎಸ್ ಫೈಲ್‌ಗಳನ್ನು ಮಾತ್ರ ಹೆಕ್ಕಿಕೊಳ್ಳಬೇಡಿ. ಎವಿಸಿಎಚ್‌ಡಿ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ಮಾಡಿ ಇಟ್ಟಿರುತ್ತದೆ, ಯಾವ ತುಂಡಿನ ಮುಂದೆ ಯಾವುದು ಅನ್ನುವ ಲೆಕ್ಕ ಪಕ್ಕದ ಸಣ್ಣ ಫೈಲ್‌ಗಳಲ್ಲಿ ಇರುತ್ತದೆ.

ಟಿವಿಯಲ್ಲಿ ಓಡುವುದಿಲ್ಲ, ಮೊಬೈಲ್‌ನಲ್ಲಿ ತೆರೆಯುವುದಿಲ್ಲ ಅನ್ನುವ ತೊಂದರೆ ಇದ್ದರೆ ಎಂಪಿ4 ಅಥವಾ ಎಂಕೆವಿಗೆ ರೀವ್ರ್ಯಾಪ್ ಮಾಡಿ. ಮಾಡಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಸ್ಟ್ರೀಮ್‌ನೊಳಗೆ ದಿನಾಂಕ ಉಳಿದಿದ್ದರೂ ಹೊಸ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಫೋಟೋ ಆ್ಯಪ್‌ಗಳು ನೋಡುವುದು ಡಬ್ಬಿಯನ್ನು. ಹಾಗಾಗಿ ಎಂಟಿಎಸ್‌ನಿಂದ ಓದಿದ ದಿನಾಂಕವನ್ನು ಎಕ್ಸಿಫ್‌ಟೂಲ್ ಮೂಲಕ ಎಂಪಿ4ಗೆ ಬರೆಯಿರಿ. ನೂರಾರು ಫೈಲ್ ಇದ್ದರೂ ಒಂದೇ ಸಲಕ್ಕೆ ಆಗುತ್ತದೆ, ಆ ದಿನಾಂಕವನ್ನೇ ಫೈಲ್ ಹೆಸರಾಗಿ ಇಡುವುದೂ ಸಾಧ್ಯ. ಎಕ್ಸಿಫ್‌ಟೂಲ್ ಎಂಪಿ4, ಎಂಒವಿಗಳಿಗೆ ಬರೆಯಬಲ್ಲದು. ಎಂಕೆವಿ, ಎವಿಐ, ಎಂಟಿಎಸ್‌ಗಳನ್ನು ಓದುತ್ತದೆ, ಬರೆಯುವುದಿಲ್ಲ. ಎಂಪಿ4ಗೂ ಎಂಕೆವಿಗೂ ನಡುವೆ ಆರಿಸುವಾಗ ಇದನ್ನು ನೆನಪಿಡಿ. ಮನೆಬಳಕೆಗೆ, ಮೊಬೈಲ್‌ಗೆ ಎಂಪಿ4 ಸುಲಭ. ಆ್ಯಪಲ್‌ನ ಫೋಟೋಸ್ ಎಂಕೆವಿಯನ್ನು ತೆಗೆದುಕೊಳ್ಳುವುದೂ ಇಲ್ಲ.

ಮಿನಿ ಡಿವಿ ಕ್ಯಾಸೆಟ್

ಅತಿ ಹೆಚ್ಚು ಮಾಹಿತಿ ಇರುವುದು ಇದರಲ್ಲಿ, ಅತಿ ಹೆಚ್ಚು ಹಾಳಾಗುತ್ತಿರುವುದೂ ಇದರಲ್ಲೇ. ಮನಸ್ಸಿಗೆ ಬೇಸರ ಆಗುವ ವಿಷಯ, ಯಾಕೆಂದರೆ ಹಾಳಾಗುವುದು ಕ್ಯಾಸೆಟ್ ಕೆಟ್ಟು ಅಲ್ಲ, ತಪ್ಪು ಕೇಬಲ್‌ನಿಂದ.

ಕ್ಯಾಸೆಟ್‌ನಲ್ಲಿ ಇರುವುದು ಡಿಜಿಟಲ್ ದತ್ತಾಂಶವೇ. ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರ್‌ಗೆ ತಂದರೆ ಅದು ಫೈಲ್ ಕಾಪಿ ಮಾಡಿದ ಹಾಗೆ: ಚಿತ್ರ, ಶಬ್ದ, ಟೈಮ್‌ಕೋಡ್, ಪ್ರತಿ ಫ್ರೇಮ್‌ನ ದಿನಾಂಕ ಎಲ್ಲ ಇದ್ದದ್ದು ಇದ್ದಹಾಗೆ ಬರುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಪೋರ್ಟ್ ಇಲ್ಲ. ಹಾಗಾಗಿ ಹಳದಿ, ಕೆಂಪು, ಬಿಳಿ ಪಿನ್ನಿನ ಕೇಬಲ್ ಹಾಕಿ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ನಲ್ಲಿ ರೆಕಾರ್ಡ್ ಮಾಡಿಬಿಡುತ್ತಾರೆ. ಡಿಜಿಟಲ್ ಇದ್ದದ್ದು ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ. ಚಿತ್ರ ಮಂಕಾಗುವುದು ಕಣ್ಣಿಗೆ ಕಾಣುತ್ತದೆ. ದಿನಾಂಕ ಪೂರ್ತಿ ಹೋಗುವುದು ಕಾಣುವುದಿಲ್ಲ. ಸ್ಟುಡಿಯೋದವರಿಗೆ ಕೊಡುವುದಾದರೆ ಕ್ಯಾಸೆಟ್ ಕೈಗಿಡುವ ಮೊದಲೇ ಕೇಳಿ: ಫೈರ್‌ವೈರ್‌ನಲ್ಲಿ ತೆಗೆಯುತ್ತೀರಾ, ಡಿವಿ ಫೈಲನ್ನೇ ಕೊಡುತ್ತೀರಾ? ‘ಎಂಪಿ4 ಮಾಡಿ ಪೆನ್ ಡ್ರೈವ್‌ಗೆ ಹಾಕಿ ಕೊಡ್ತೀವಿ’ ಅಂದರೆ ಬೇರೆ ಕಡೆ ವಿಚಾರಿಸಿ.

ಡಿವಿ ಫೈಲ್ ಬಂದ ಮೇಲೆ ಅದನ್ನು ಎಫ್‌ಎಫ್‌ವಿ1 ಮಾಡಬೇಕಾ? ನನ್ನ ಪ್ರಕಾರ ಬೇಡ. ಡಿವಿ ಈಗಾಗಲೇ ಕುಗ್ಗಿಸಿದ ರೂಪ. ಅದನ್ನು ಬಿಚ್ಚಿ ನಷ್ಟವಿಲ್ಲದೆ ಕಟ್ಟಿದರೆ ಫೈಲ್ ದೊಡ್ಡದಾಗಬಹುದೇ ಹೊರತು ಚಿತ್ರ ಸುಧಾರಿಸುವುದಿಲ್ಲ. ಫ್ರೇಮ್‌ಗೊಂದು ಇದ್ದ ದಿನಾಂಕ ಮಾತ್ರ ಮಾಯ. ಡಿವಿಯನ್ನು ಡಿವಿಯಾಗಿಯೇ ಇಡಿ. ವಿಡಿಯೊ ಕನ್ವರ್ಟ್ ಮಾಡುವ ಎಫ್‌ಎಫ್‌ಎಂಪೆಗ್, ವಿಡಿಯೊ ತೋರಿಸುವ ವಿಎಲ್‌ಸಿ ಎರಡೂ ಅದನ್ನು ಓದುತ್ತವೆ.

ಫ್ರೇಮ್‌ಗೊಂದು ದಿನಾಂಕ ಇದ್ದು ಏನುಪಯೋಗ ಅನ್ನುವವರಿಗೆ ಒಂದು ಉದಾಹರಣೆ. ಒಂದು ಗಂಟೆಯ ಕ್ಯಾಸೆಟ್‌ನಲ್ಲಿ ದೇವರ ಸಮಾರಾಧನೆ, ಚಪ್ಪರ, ಧಾರೆ, ಆರತಕ್ಷತೆ, ಎರಡು ತಿಂಗಳ ನಂತರದ ಧರ್ಮಸ್ಥಳ ಪ್ರವಾಸ ಎಲ್ಲ ಒಂದರ ಹಿಂದೆ ಒಂದು ಇರುತ್ತದೆ. ಡಿವಿರೆಸ್ಕ್ಯೂ ಅನ್ನುವ ಉಚಿತ ಸಾಧನ ಕ್ಯಾಮೆರಾ ಎಲ್ಲಿ ನಿಂತಿತು, ಎಲ್ಲಿ ಮತ್ತೆ ಶುರುವಾಯಿತು ಅನ್ನುವುದನ್ನು ಈ ದಿನಾಂಕಗಳ ಆಧಾರದ ಮೇಲೆ ಹುಡುಕಿ, ಆ ಜಾಗಗಳಲ್ಲಿ ಫೈಲನ್ನು ಬೇರೆ ಬೇರೆ ಮಾಡಬಲ್ಲದು. ಒಂದೊಂದು ತುಂಡಿಗೂ ಅದರದೇ ತಾರೀಖು. ಕೂತು ನೋಡಿ ಊಹಿಸುವ ಕೆಲಸ ತಪ್ಪಿತು.

ವಿಎಚ್‌ಎಸ್ ಮತ್ತು ಡಿವಿಡಿ

ವಿಎಚ್‌ಎಸ್‌ನಲ್ಲಿ ಉಳಿಸಿಕೊಳ್ಳಬೇಕಾದ ಮೆಟಾಡೇಟಾ ಟೇಪಿನ ಒಳಗೆ ಇಲ್ಲ. ಇರುವುದು ಲೇಬಲ್ ಮೇಲೆ, ರಟ್ಟಿನ ಕವರ್ ಮೇಲೆ, ಮತ್ತು ಚಿತ್ರದ ಮೂಲೆಯಲ್ಲಿ ಮೂಡಿರುವ ತಾರೀಖಿನಲ್ಲಿ. ಆ ಮೂಲೆಯನ್ನು ಅಂದಗೆಡಿಸುತ್ತದೆ ಅಂತ ಕತ್ತರಿಸಬೇಡಿ.

ಎಫ್‌ಎಫ್‌ವಿ1 ನಿಜವಾಗಿ ಹೊಂದುವುದು ಇಲ್ಲಿ. ನಮ್ಮ ದೇಶದ್ದು ಪಾಲ್ ಪದ್ಧತಿ, 720×576 ಅಳತೆ, ಸೆಕೆಂಡಿಗೆ 25 ಫ್ರೇಮ್. ಕುಗ್ಗಿಸದೆ ಹಿಡಿದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಎಫ್‌ಎಫ್‌ವಿ1 ಅದನ್ನು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ತರುತ್ತದೆ, ಚಿತ್ರ ಒಂದಿಷ್ಟೂ ಹೋಗದೆ. ಫೈಲ್ ಎಲ್ಲಾದರೂ ಕೆಟ್ಟರೆ ಯಾವ ಫ್ರೇಮ್‌ನ ಯಾವ ಭಾಗ ಕೆಟ್ಟಿದೆ ಅಂತ ತಿಳಿಯುವ ವ್ಯವಸ್ಥೆಯೂ ಅದರ 3ನೇ ಆವೃತ್ತಿಯಲ್ಲಿ ಇದೆ. ಎಂಕೆವಿ ಡಬ್ಬಿಯ ಒಂದು ಅನುಕೂಲ ನನಗೆ ತುಂಬ ಇಷ್ಟ: ಬೇರೆ ಫೈಲ್‌ಗಳನ್ನು ಅದರೊಳಗೆ ಲಗತ್ತಿಸಬಹುದು. ಕ್ಯಾಸೆಟ್‌ನ ಲೇಬಲ್, ಎರಡೂ ಬದಿ, ಕವರ್ ಎಲ್ಲದರ ಫೋಟೊ ತೆಗೆಯಿರಿ. ಲಗ್ನಪತ್ರಿಕೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಎಂಕೆವಿ ಟೂಲ್‌ನಿಕ್ಸ್ ಅನ್ನುವ ಸಾಧನ ತೆರೆದು ಅಟ್ಯಾಚ್‌ಮೆಂಟ್ ಆಗಿ ಸೇರಿಸಿ. ಪತ್ರಿಕೆಯಲ್ಲಿ ದಿನ, ಮುಹೂರ್ತ, ಛತ್ರದ ಹೆಸರು, ಎರಡೂ ಕಡೆಯವರ ಹೆಸರು ಎಲ್ಲ ಇರುತ್ತದಲ್ವಾ? ಯಾವ ಕ್ಯಾಮೆರಾವೂ ಅಷ್ಟು ಮಾಹಿತಿ ಬರೆಯುವುದಿಲ್ಲ.

ಮೂಲ ಟೇಪ್ ಹೋಗಿ ಬರೀ ಡಿವಿಡಿ ಉಳಿದಿದ್ದರೆ ಅದನ್ನು ಎಂಕೆವಿಗೆ ರೀವ್ರ್ಯಾಪ್ ಮಾಡಿದರೆ ಸಾಕು. ಈ ಕೆಲಸ ಮಾಡುವ ಮೇಕ್‌ಎಂಕೆವಿ ಅನ್ನುವ ಸಾಧನ ಚಾಪ್ಟರ್‌ಗಳನ್ನೂ ಉಳಿಸುತ್ತದೆ. ಡಿವಿಡಿ ಫೈಲ್‌ಗಳ ತಾರೀಖು ಡಿಸ್ಕ್ ಬರೆದ ದಿನದ್ದು, ಅದನ್ನು ನಂಬಬೇಡಿ.

ಈ ಹಳೆಯ ಎಸ್‌ಡಿ ವಿಡಿಯೊಗಳಲ್ಲಿ ಇನ್ನೊಂದು ಸಣ್ಣ ಟ್ಯಾಗ್ ಇದೆ, ಚಿತ್ರ 4:3 ಅಥವಾ 16:9 ಅನ್ನುವುದು. 720×576 ಅಳತೆ ಎರಡಕ್ಕೂ ಒಂದೇ. ಟ್ಯಾಗ್ ತಪ್ಪಿದರೆ ಎಲ್ಲರೂ ಕುಳ್ಳಗೆ ದಪ್ಪಗೆ, ಇಲ್ಲವೇ ಉದ್ದಕ್ಕೆ ತೆಳ್ಳಗೆ ಕಾಣುತ್ತಾರೆ.

ಸಾಧನಗಳಲ್ಲಿ ಯಾವುದು

ಎಫ್‌ಎಫ್‌ಎಂಪೆಗ್ ಕಲಿಯಲು ಕಷ್ಟ, ಆದರೆ ಹಿಡಿತ ಪೂರ್ತಿ ನಿಮ್ಮ ಕೈಯಲ್ಲಿ. ಅದರ ಮೂರು ಸ್ವಭಾವ ತಿಳಿದಿರಲಿ. ಒಂದು, ಏನೂ ಹೇಳದಿದ್ದರೆ ಒಂದು ಚಿತ್ರದ ಟ್ರ್ಯಾಕ್, ಒಂದು ಶಬ್ದದ ಟ್ರ್ಯಾಕ್ ಮಾತ್ರ ಎತ್ತಿಕೊಳ್ಳುತ್ತದೆ, ಸಬ್‌ಟೈಟಲ್ ಇದ್ದರೆ ಅದೂ ಒಂದೇ. ಗೋಪ್ರೊದ ಜಿಪಿಎಸ್ ಟ್ರ್ಯಾಕ್ ಅಲ್ಲೇ ಉಳಿಯುತ್ತದೆ. ಎಲ್ಲ ಬೇಕು ಅಂದರೆ ‘ಮ್ಯಾಪ್’ ಆಯ್ಕೆಗೆ ಸೊನ್ನೆ ಕೊಡಬೇಕು. ಎರಡು, ಹೆಸರು, ಟಿಪ್ಪಣಿಯಂಥ ಟ್ಯಾಗ್‌ಗಳನ್ನು ತಾನಾಗಿಯೇ ಕಾಪಿ ಮಾಡುತ್ತದೆ, ಆದರೆ ರೆಕಾರ್ಡ್ ಆದ ಸಮಯವನ್ನು ಬಿಟ್ಟುಬಿಡುತ್ತದೆ. ‘ಮ್ಯಾಪ್ ಮೆಟಾಡೇಟಾ’ ಸೊನ್ನೆ ಅಂತ ಬಾಯಿಬಿಟ್ಟು ಹೇಳಿದರೆ ಮಾತ್ರ ಅದೂ ಬರುತ್ತದೆ. ಮೂರು, ಐಫೋನ್‌ನ ಆ +0530 ಟ್ಯಾಗ್ ಎಂಪಿ4 ಅಥವಾ ಎಂಒವಿಗೆ ಬರಬೇಕಾದರೆ ‘ಮೂವ್‌ಫ್ಲ್ಯಾಗ್ಸ್’ನಲ್ಲಿ ‘ಯೂಸ್ ಮೆಟಾಡೇಟಾ ಟ್ಯಾಗ್ಸ್’ ಹಾಕಬೇಕು. ಈ ಮೂರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಪ್ರತಿಸಲ ಹುಡುಕಬೇಕಾಗುತ್ತದೆ.

ಕಮಾಂಡ್ ಟೈಪ್ ಮಾಡುವುದು ಬೇಡ ಅಂದರೆ ಲಾಸ್‌ಲೆಸ್‌ಕಟ್ ಅಥವಾ ಶಟರ್ ಎನ್‌ಕೋಡರ್ ನೋಡಿ. ಎರಡೂ ಒಳಗೊಳಗೆ ಎಫ್‌ಎಫ್‌ಎಂಪೆಗ್ ಅನ್ನೇ ಬಳಸುತ್ತವೆ, ಎರಡರಲ್ಲೂ ಚಿತ್ರ ಮುಟ್ಟದೆ ರೀವ್ರ್ಯಾಪ್ ಮಾಡಬಹುದು, ಮೆಟಾಡೇಟಾ ಉಳಿಸುವ ಗುಂಡಿ ಇದೆ. ಬರೀ ರೀವ್ರ್ಯಾಪ್ ಮಾಡುವವರಿಗೆ ನಾನು ಹೇಳುವುದು ಲಾಸ್‌ಲೆಸ್‌ಕಟ್.

ಹ್ಯಾಂಡ್‌ಬ್ರೇಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೋಡುವ ಪ್ರತಿ ಮಾಡಲು ಅದು ಒಳ್ಳೆಯ ಸಾಧನ. ಆದರೆ ಅದು ಚಿತ್ರವನ್ನು ಯಾವಾಗಲೂ ಮರು ಎನ್‌ಕೋಡ್ ಮಾಡುತ್ತದೆ, ಸುಮ್ನೆ ಡಬ್ಬಿ ಬದಲಾಯಿಸುವ ಆಯ್ಕೆಯೇ ಇಲ್ಲ. ಕಾಪಿಡುವ ಕೆಲಸಕ್ಕೆ ಅದು ಮಾಡಿದ್ದೂ ಅಲ್ಲ. ಆನ್‌ಲೈನ್ ಕನ್ವರ್ಟರ್‌ಗಳ ಹತ್ತಿರ ಹೋಗಲೇಬೇಡಿ. ಮನೆಯವರ ವಿಡಿಯೊವನ್ನು ಯಾರದೋ ಸರ್ವರ್‌ಗೆ ಹಾಕುವುದೇ ಸರಿಯಲ್ಲ.

ಒಳಗೆ ಬರೆಯುವುದಾ, ಪಕ್ಕದಲ್ಲಿ ಇಡುವುದಾ

ಫೈಲ್‌ನ ಒಳಗೆ ಬರೆದರೆ ಫೈಲ್ ಎಲ್ಲಿ ಹೋದರೂ ಮಾಹಿತಿ ಜೊತೆಗೇ ಹೋಗುತ್ತದೆ. ಪಕ್ಕದಲ್ಲಿ ಬೇರೆ ಫೈಲ್ ಆಗಿ ಇಟ್ಟರೆ ಮೂಲವನ್ನು ಮುಟ್ಟಬೇಕಾಗಿಲ್ಲ, ಮುಂದೆ ಯಾರೇ ಕನ್ವರ್ಟ್ ಮಾಡಿದರೂ ಅದು ಉಳಿಯುತ್ತದೆ. ಆದರೆ ಬೇರೆಯಾಗುವ ಭಯ ಇದೆ. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಪಕ್ಕದ ಫೈಲ್ ಆರಿಸುತ್ತೇನೆ. ಕನ್ವರ್ಟ್‌ಗೆ ಕೈ ಹಾಕುವ ಮೊದಲೇ ಎಕ್ಸಿಫ್‌ಟೂಲ್‌ನಿಂದ ಎಲ್ಲ ಫೈಲ್‌ಗಳ ಮಾಹಿತಿಯನ್ನು ಜೇಸನ್ ಆಗಿ ತೆಗೆದಿಡಿ, ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೊ ಅನ್ನುವ ಸಾಧನದ ವರದಿಯನ್ನೂ ಉಳಿಸಿ. ಇವೆರಡು ಇದ್ದರೆ ಆಮೇಲೆ ಏನು ತಪ್ಪಿದರೂ ಸರಿಪಡಿಸಬಹುದು. ಮದುವೆಯ ಡ್ರೋನ್ ವಿಡಿಯೊ ಇದ್ದರೆ ಅದರ ಜೊತೆ ಎಸ್‌ಆರ್‌ಟಿ ಫೈಲ್ ಬಂದಿದೆಯಾ ನೋಡಿ. ಡಿಜೆಐ ಡ್ರೋನ್‌ಗಳು ಹಾರಾಟದ ವಿವರವನ್ನು ಅದರಲ್ಲಿ ಬರೆಯುತ್ತವೆ. ಸಬ್‌ಟೈಟಲ್ ಬೇಡ ಅಂತ ಎಸೆಯಬೇಡಿ.

ಯಾವ ಸಾಫ್ಟ್‌ವೇರೂ ಓದಲಾಗದ ಕಾಲ ಬಂದರೂ ಫೈಲ್ ಹೆಸರು ಓದಬಹುದು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುಮಾಡಿ: 2009-02-15. ಹೆಸರನ್ನು ಕನ್ನಡದಲ್ಲಿ ಇಡಬಹುದಾ? ಇಡಬಹುದು, ಆದರೆ ಒಂದು ತೊಡಕಿದೆ. ಹಳೆಯ ಮ್ಯಾಕ್ ಡಿಸ್ಕ್‌ಗಳು ೀ, ೇ, ೊ, ೋ ಇಂಥ ಸ್ವರಚಿಹ್ನೆಗಳನ್ನು ಬಿಡಿಸಿ ಇಟ್ಟುಕೊಳ್ಳುತ್ತವೆ, ವಿಂಡೋಸ್‌ನಲ್ಲಿ ಟೈಪ್ ಮಾಡಿದ ಹೆಸರು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲೇ ಇರುತ್ತದೆ. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರ್‌ಗೆ ಎರಡು. ವಿಡಿಯೊಗೂ ಪಕ್ಕದ ಫೈಲ್‌ಗೂ ಹೊಂದಿಕೆ ತಪ್ಪುವುದು ಹೀಗೆ. ಫೈಲ್ ಹೆಸರಿನಲ್ಲಿ ಅಂಕಿ ಮತ್ತು ಚಿಕ್ಕ ಇಂಗ್ಲಿಷ್ ಪದ ಸಾಕು. ಕನ್ನಡದ ವಿವರಣೆ, ಯಾರು ಯಾರು ಇದ್ದಾರೆ, ಯಾರ ಮನೆ, ಯಾವ ಊರು, ಎಲ್ಲ ಪಕ್ಕದ ಫೈಲ್‌ನಲ್ಲಿ ಉದ್ದಕ್ಕೆ ಬರೆಯಿರಿ.

ಮೂಲ ಅಳಿಸುವ ಮೊದಲು

ಎಲ್ಲವನ್ನೂ ಒಟ್ಟಿಗೆ ಕನ್ವರ್ಟ್‌ಗೆ ಹಾಕಬೇಡಿ. ಪ್ರತಿ ಕ್ಯಾಮೆರಾದ್ದು ಒಂದೊಂದು ಫೈಲ್ ತೆಗೆದುಕೊಂಡು ಮಾಡಿ, ಮೂಲ ಮತ್ತು ಹೊಸದನ್ನು ಮೀಡಿಯಾಇನ್ಫೊದಲ್ಲಿ ಅಕ್ಕಪಕ್ಕ ತೆರೆಯಿರಿ. ದಿನಾಂಕ, ಜಾಗ, ಎಷ್ಟು ಟ್ರ್ಯಾಕ್, ಚಿತ್ರದ ಅನುಪಾತ, ಯಾವ ಕಡೆ ತಿರುಗಿದೆ, ಇಷ್ಟು ನೋಡಿ. ರೀವ್ರ್ಯಾಪ್ ಆಗಿದ್ದರೆ ಪ್ರತಿ ಫ್ರೇಮ್‌ಗೂ ಒಂದು ತಾಳೆ ಸಂಖ್ಯೆ ಲೆಕ್ಕಹಾಕಿ ಕೊಡುವ ಎಫ್‌ಎಫ್‌ಎಂಪೆಗ್‌ನ ಫ್ರೇಮ್ ಎಂಡಿ5 ಎರಡೂ ಫೈಲ್‌ಗೆ ಓಡಿಸಿ. ಫ್ರೇಮ್‌ಗಳ ತಾಳೆ ಸಂಖ್ಯೆಗಳು ಒಂದೇ ಬಂದರೆ ಚಿತ್ರ ಬದಲಾಗಿಲ್ಲ ಅಂತ ಖಚಿತ. ಮಿನಿ ಡಿವಿ ಮತ್ತು ಎಂಟಿಎಸ್‌ನ ಮೂಲ ಫೈಲ್‌ಗಳನ್ನು ಈ ಪರೀಕ್ಷೆ ಆದ ಮೇಲೂ ನಾನು ಅಳಿಸುವುದಿಲ್ಲ.

ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ ಏನು ಮಾಡುವುದು? ಬ್ಯಾಟರಿ ಪೂರ್ತಿ ಇಳಿದ ಹ್ಯಾಂಡಿಕ್ಯಾಮ್‌ಗಳಲ್ಲಿ ಇದು ಮಾಮೂಲು, ಮದುವೆ ನಡೆದದ್ದು ಒಂದು ವರ್ಷ, ಫೈಲ್‌ನಲ್ಲಿ ಇರುವುದು ಇನ್ನೊಂದು. ಆಗಲೂ ಮೂಲವನ್ನು ತಿದ್ದಬೇಡಿ. ಆ ದಿನದ ಒಂದು ಕ್ಲಿಪ್‌ನ ನಿಜವಾದ ಸಮಯ ಪತ್ತೆ ಮಾಡಿ: ಛತ್ರದ ಗೋಡೆ ಗಡಿಯಾರ ಕಾಣುತ್ತಿರಬಹುದು, ಪತ್ರಿಕೆಯ ಮುಹೂರ್ತ ಇದೆ, ಅದೇ ಹೊತ್ತಿಗೆ ಯಾರೋ ತೆಗೆದ ಫೋಟೊ ಇರಬಹುದು. ಗಡಿಯಾರ ಎಷ್ಟು ಹಿಂದಿತ್ತು ಅಂತ ಗೊತ್ತಾದರೆ, ಮಧ್ಯೆ ಮತ್ತೆ ಬ್ಯಾಟರಿ ಇಳಿಯದಿದ್ದರೆ, ಆ ಕ್ಯಾಮೆರಾದ ಉಳಿದ ಕ್ಲಿಪ್‌ಗಳೂ ಅಷ್ಟೇ ಹಿಂದಿರುತ್ತವೆ. ಎಂಪಿ4 ಪ್ರತಿಗಳಿಗೆ ಮಾತ್ರ ಎಕ್ಸಿಫ್‌ಟೂಲ್‌ನಲ್ಲಿ ಅಷ್ಟು ಸಮಯ ಮುಂದಕ್ಕೆ ಸರಿಸಿ. ಕ್ಯಾಮೆರಾ ಹೇಳಿದ್ದು ಇಷ್ಟು, ನಾವು ತಿದ್ದಿದ್ದು ಇಷ್ಟು, ಯಾವುದನ್ನು ನೋಡಿ ತಿದ್ದಿದೆವು ಅನ್ನುವುದನ್ನು ಪಕ್ಕದ ಫೈಲ್‌ನಲ್ಲಿ ತಾರೀಖು ಹಾಕಿ ಬರೆದಿಡಿ.